ಗ್ರಬ್2ರ ಎಸ್‌ಎಚ್2 ಡೊಮೇನ್ ಇಜಿಎಫ್‌ಆರ್ ಹಿಡಿಯುತ್ತಿಲ್ಲ, ತಪ್ಪೆಲ್ಲಿ?

ಪ್ರಶ್ನೆ:
ಗ್ರಬ್2 ಪ್ರೋಟೀನಿನ ಎಸ್‌ಎಚ್2 ಡೊಮೇನ್ (ಫಾಸ್ಫೇಟ್ ಕೂತ ಟೈರೋಸಿನ್ ಹಿಡಿಯುವ ಭಾಗ) ಕೋಶದ ಇಜಿಎಫ್‌ಆರ್ ರಿಸೆಪ್ಟರನ್ನು ಹಿಡಿಯಬೇಕಿತ್ತು. ಎ431 ಕ್ಯಾನ್ಸರ್ ಕೋಶಗಳಿಗೆ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಇಜಿಎಫ್ (ಆ ರಿಸೆಪ್ಟರನ್ನು ಚುರುಕುಗೊಳಿಸುವ ಪ್ರೋಟೀನ್), 5 ನಿಮಿಷ. ಕೋಶ ಒಡೆದ ಮೇಲೆ ಮಣಿಗಳಿಗೆ ಕಟ್ಟಿದ ಜಿಎಸ್‌ಟಿ-ಎಸ್‌ಎಚ್2 (ಮಣಿಗೆ ಅಂಟಲು ಜಿಎಸ್‌ಟಿ ಪ್ರೋಟೀನ್ ಸೇರಿಸಿದ ಡೊಮೇನ್) ಜೊತೆ 4 ಡಿಗ್ರಿಯಲ್ಲಿ 2 ಗಂಟೆ. ಬ್ಲಾಟ್‌ನಲ್ಲಿ ಇಜಿಎಫ್‌ಆರ್ ಕಾಣಬೇಕಾದ 170 ಕಿಲೋಡಾಲ್ಟನ್ ಹತ್ತಿರ ಏನೂ ಇಲ್ಲ. ಲೈಸಿಸ್ ಬಫರಿನಲ್ಲಿ ಟ್ರಿಸ್, 150 ಮಿಲಿಮೋಲಾರ್ ಉಪ್ಪು, 1% ಟ್ರೈಟಾನ್, 10 ಮಿಲಿಮೋಲಾರ್ ಇಡಿಟಿಎ, ತಲಾ 1 ಮಿಲಿಮೋಲಾರ್ ಡಿಟಿಟಿ ಮತ್ತು ಆರ್ಥೋವನಾಡೇಟ್ ಇವೆ. ಡೊಮೇನ್ ಸರಿಯಾಗಿ ಮಡಿಚಿಕೊಂಡಿಲ್ಲವೇ?

ಉತ್ತರ 1:
ಡೊಮೇನನ್ನು ದೂರುವ ಮೊದಲು ಬಫರ್ ನೋಡಿ. ಫಾಸ್ಫಟೇಸ್‌ಗಳನ್ನು (ಫಾಸ್ಫೇಟ್ ಕೀಳುವ ಕಿಣ್ವಗಳನ್ನು) ತಡೆಯಲೆಂದು ಈ ಮಿಶ್ರಣದಲ್ಲಿ ವನಾಡೇಟ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ: ಇಡಿಟಿಎ ಅದನ್ನು ಕಟ್ಟಿಹಾಕುತ್ತದೆ, ಡಿಟಿಟಿ ಅಪಕರ್ಷಿಸುತ್ತದೆ. ಕೋಶ ಒಡೆದ ಕೂಡಲೇ ಫಾಸ್ಫಟೇಸ್‌ಗಳು ಇಜಿಎಫ್‌ಆರ್‌ನ 1068ನೇ ಟೈರೋಸಿನ್‌ನ ಫಾಸ್ಫೇಟ್ ಕಿತ್ತರೆ ಎಸ್‌ಎಚ್2ಗೆ ಹಿಡಿಯಲು ಉಳಿಯುವುದೇನು? ಇಡಿಟಿಎ, ಡಿಟಿಟಿ ಎರಡನ್ನೂ ತೆಗೆಯಿರಿ.

ವನಾಡೇಟನ್ನು ನೀರಿಗೆ ಹಾಗೇ ಕರಗಿಸಿದ್ದರೆ ಅದೂ ತಪ್ಪು. 200 ಮಿಲಿಮೋಲಾರ್ ದ್ರಾವಣದ ಪಿಎಚ್ 10ಕ್ಕೆ ತನ್ನಿ. ಹಳದಿ ಬಣ್ಣ ಕಂಡರೆ ಅದು ಡೆಕಾವನಾಡೇಟ್ (ವನಾಡೇಟ್ ಗುಂಪುಗೂಡಿದ ರೂಪ). ಬಣ್ಣ ಹೋಗುವ ತನಕ ಕುದಿಸಿ, ತಣಿಸಿ, ಪಿಎಚ್ ಮತ್ತೆ 10ಕ್ಕೆ ತನ್ನಿ. ತಣಿದ ಮೇಲೂ ನೀರಿನಂತೆ ತಿಳಿಯಾಗಿದ್ದು ಪಿಎಚ್ ಅಲುಗಾಡದಿದ್ದರೆ ಮುಗಿಯಿತು. ಸಣ್ಣ ಸಣ್ಣ ಪಾಲು ಮಾಡಿ −20ರಲ್ಲಿಡಿ.

ಉತ್ತರ 2:
ಮೇಲಿನದು ಸರಿ. ಆದರೆ ಪುಲ್‌ಡೌನ್‌ಗೆ (ಮಣಿಗಳಿಂದ ಹಿಡಿಯುವುದಕ್ಕೆ) ಮುಂಚಿನ ಲೈಸೇಟನ್ನೇ (ಕೋಶ ಒಡೆದ ದ್ರಾವಣವನ್ನೇ) ಫಾಸ್ಫೋಟೈರೋಸಿನ್ ಪ್ರತಿಕಾಯದಿಂದ ಒಮ್ಮೆ ನೋಡಿಬಿಡಿ. ಅಲ್ಲೇ ಬ್ಯಾಂಡ್ ಇಲ್ಲದಿದ್ದರೆ ಮಣಿಗಳ ತಪ್ಪಲ್ಲ. ಬ್ಲಾಕಿಂಗ್‌ಗೆ ಹಾಲಿನ ಪುಡಿ ಬೇಡ, ಕೇಸೀನ್ ಸ್ವತಃ ಫಾಸ್ಫೋಪ್ರೋಟೀನ್, ಹಿನ್ನೆಲೆ ಕಪ್ಪಾಗಬಹುದು. 3% ಬಿಎಸ್‌ಎ ಸಾಕು.

ಪಕ್ಕದ ಲೇನಿಗೆ ಬರೀ ಜಿಎಸ್‌ಟಿ ಸಾಲದು, ಆರ್86ಕೆ ರೂಪಾಂತರವೂ (86ನೇ ಆರ್ಜಿನೀನ್ ಜಾಗಕ್ಕೆ ಲೈಸೀನ್ ಹಾಕಿದ ಡೊಮೇನ್) ಬೇಕು. ಎಫ್‌ಎಲ್‌ವಿಆರ್ ಸರಣಿಯ (ಎಸ್‌ಎಚ್2 ಡೊಮೇನ್‌ಗಳಲ್ಲಿ ಕಾಣುವ ಅಮೈನೋ ಆಮ್ಲಗಳ ಸಾಲು) ಆ ಆರ್ಜಿನೀನ್ ಫಾಸ್ಫೋಟೈರೋಸಿನ್ ಕೂರುವ ಗುಳಿಯ ತಳದಲ್ಲಿ ಕೂತು ಫಾಸ್ಫೇಟಿನ ಎರಡು ಆಮ್ಲಜನಕಗಳನ್ನು ಹಿಡಿಯುತ್ತದೆ. ಲೈಸೀನ್ ಬಂದರೆ ಹಿಡಿತ ಹೋಯಿತು. ಮೂಲ ಡೊಮೇನಿನಲ್ಲಿ ಬ್ಯಾಂಡ್ ಬಂದು ಆರ್86ಕೆಯಲ್ಲಿ ಬಾರದಿದ್ದರೆ ಮಾತ್ರ ನಂಬಿ.

ಪ್ರಶ್ನೆ ಕೇಳಿದವರು:
ಫಾಸ್ಫೇಟಿನ ರಗಳೆಯೇ ಬೇಡವೆಂದು ಟೈರೋಸಿನ್ ಜಾಗಕ್ಕೆ ಫಾಸ್ಫೇಟಿನಂತೆ ಋಣಾವೇಶವಿರುವ ಗ್ಲುಟಮೇಟ್ ಹಾಕಿದರೆ?

ಉತ್ತರ 2:
ಆಗದು. ಆ ಉಪಾಯ ಕೆಲವೊಮ್ಮೆ ಸೆರೀನ್ ವಿಷಯದಲ್ಲಿ ನಡೆಯುತ್ತದೆ. ಇಲ್ಲಿ ಗುಳಿ ಆಳ. ಗ್ಲುಟಮೇಟ್ ಗಿಡ್ಡ, ಉಂಗುರವೂ ಇಲ್ಲ, ಆರ್ಜಿನೀನಿಗೆ ಎಟುಕುವುದೇ ಇಲ್ಲ. ಬದಲಿಗೆ 1068ರ ಸುತ್ತಲಿನ ಫಾಸ್ಫೋಪೆಪ್ಟೈಡ್ (ಫಾಸ್ಫೇಟ್ ಇರುವ ಚಿಕ್ಕ ತುಣುಕು) ತರಿಸಿ ರಿಸೆಪ್ಟರಿನೊಡನೆ ಪೈಪೋಟಿಗೆ ಬಿಡಿ. ಫಾಸ್ಫೋಟೈರೋಸಿನ್ ಆದಮೇಲಿನ ಎರಡನೇ ಸ್ಥಾನದ ಆಸ್ಪರಜಿನ್ ಕೆಡಿಸಿದ ಪೆಪ್ಟೈಡನ್ನೂ ಜೊತೆಗಿಡಿ: ಗ್ರಬ್2ರ 121ನೇ ಟ್ರಿಪ್ಟೊಫಾನ್ ದಾರಿಗೆ ಅಡ್ಡ ನಿಂತಿರುವುದರಿಂದ ಪೆಪ್ಟೈಡ್ ಅಲ್ಲಿ ಬಾಗಲೇಬೇಕು, ಆ ಬಾಗಿಗೆ ಆಸ್ಪರಜಿನ್ ಬೇಕು.

ಉತ್ತರ 1:
ಬ್ಯಾಂಡ್ ಬಂದ ಖುಷಿಯಲ್ಲಿ ಇದೇ ಮಣಿಗಳಿಂದ ಕೆಡಿ (ಹಿಡಿತ ಎಷ್ಟು ಬಿಗಿ ಎಂಬ ಅಳತೆ) ಲೆಕ್ಕ ಹಾಕಬೇಡಿ. ಜಿಎಸ್‌ಟಿ ಜೋಡಿಯಾಗಿರುತ್ತದೆ, ರಿಸೆಪ್ಟರಿನಲ್ಲೂ 1068, 1086 ಎರಡೂ ಇವೆ. ಎರಡು ಕಡೆ ಒಟ್ಟಿಗೆ ಹಿಡಿಯುವುದರಿಂದ ಹಿಡಿತ ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ.