ಮೊದಲ 640 ಕಿ.ಮೀ. ರೇಸ್: ಕಾಲಿಗಿಂತ ಮೊದಲು ಕೈಕೊಡುವುದು ಹೊಟ್ಟೆ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 41 ವರ್ಷ, ಹುಬ್ಬಳ್ಳಿಯಲ್ಲಿ ಉದ್ಯೋಗ. 200 ಮತ್ತು 300 ಕಿ.ಮೀ. ಬ್ರೆವೆಗಳನ್ನು (ನಿಗದಿತ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳು) ಮುಗಿಸಿದ್ದೇನೆ. ನವೆಂಬರ್‌ನಲ್ಲಿ ಪುಣೆಯಿಂದ ಗೋವಾಕ್ಕೆ ನಡೆಯುವ ಡೆಕ್ಕನ್ ಕ್ಲಿಫ್‌ಹ್ಯಾಂಗರ್ ಸೈಕಲ್ ರೇಸಿನಲ್ಲಿ ಒಬ್ಬನೇ ಸವಾರಿ ಮಾಡಬೇಕೆಂದಿದ್ದೇನೆ. ದೂರ ಸುಮಾರು 640 ಕಿ.ಮೀ. ವಾರಕ್ಕೆ ಎಂಟು ಗಂಟೆಗಿಂತ ಹೆಚ್ಚು ಬಿಡುವು ಸಿಗುವುದಿಲ್ಲ. 300ರ ಕೊನೆಯಲ್ಲಿ ಏನು ತಿಂದರೂ ವಾಂತಿಯಾಗುತ್ತಿತ್ತು. ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದಿದ್ದವು. ರೇಸಿಗೆ ಮುಂಚೆ ಒಮ್ಮೆ 600 ಕಿ.ಮೀ. ತುಳಿಯಲೇಬೇಕೇ?

ಉತ್ತರ (ಕ್ರೀಡಾ ಫಿಸಿಯೋಥೆರಪಿಸ್ಟ್): ನಮಸ್ಕಾರ. 600 ಕಡ್ಡಾಯವಲ್ಲ. ಆದರೆ 400ರ ಬ್ರೆವೆಯನ್ನು ಮಾತ್ರ ತಪ್ಪಿಸಬೇಡಿ. ಅದಕ್ಕೆ 27 ಗಂಟೆಗಳ ಗಡುವು. ಒಂದಿಡೀ ರಾತ್ರಿ ಸೈಕಲ್ ಮೇಲೆಯೇ ಕಳೆಯುವ ಸಾಧ್ಯತೆ ಹೆಚ್ಚು. ನಿಮಗೆ ಬೇಕಾದ ಅನುಭವ ಅದೇ. ವಾರಕ್ಕೆ ಎಂಟು ಗಂಟೆ ಕಡಿಮೆಯೇನಲ್ಲ. ಎರಡು ವಾರಕ್ಕೊಮ್ಮೆ ಅಷ್ಟನ್ನೂ ಶನಿವಾರ ಐದು, ಭಾನುವಾರ ಮೂರು ಎಂದು ಹಂಚಿಕೊಳ್ಳಿ. ದಣಿದ ಕಾಲಿನಲ್ಲಿ ಭಾನುವಾರ ತುಳಿಯುವ ಆ ಮೂರು ಗಂಟೆಗಳಿಗೆ ಬೆಲೆ ಹೆಚ್ಚು. ಏರು ಅಭ್ಯಾಸಕ್ಕೆ ಅರಬೈಲು ಘಟ್ಟಕ್ಕೆ ಹೋಗುವುದಾದರೆ ಹಗಲಿನಲ್ಲೇ ಹೋಗಿ, ಅಲ್ಲಿ ಲಾರಿಗಳ ಓಡಾಟ ವಿಪರೀತ. ಕೊನೆಯ ಎರಡು ವಾರ ದೂರವನ್ನು ಅರ್ಧಕ್ಕಿಳಿಸಿ.

ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ನಿಮ್ಮ ವಾಂತಿ. ಬಿರುಸಾಗಿ ತುಳಿಯುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳತ್ತ, ಬಿಸಿಲಿದ್ದರೆ ಚರ್ಮದತ್ತಲೂ ಹರಿಯುತ್ತದೆ. ಹೊಟ್ಟೆಗೆ ಸಿಗುವುದು ಅಲ್ಪ. ಆಗ ಒಮ್ಮೆಲೇ ತಿಂದರೆ ಅದು ಅಲ್ಲೇ ನಿಲ್ಲುತ್ತದೆ. ಹಸಿವಾಗುವವರೆಗೆ ಕಾಯದೆ, ಮೊದಲ ಗಂಟೆಯಿಂದಲೇ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸುವುದನ್ನು ರೂಢಿಸಿಕೊಳ್ಳಿ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಉಳಿದದ್ದನ್ನು ಖರ್ಜೂರ, ಇಡ್ಲಿ, ತೆಳುವಾದ ರಾಗಿ ಅಂಬಲಿಯಿಂದ ತುಂಬಿಕೊಳ್ಳಬಹುದು. ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಓಆರ್‌ಎಸ್ ಕುಡಿದರೆ ಶಕ್ತಿ ಬಂತೆಂದು ಬಹಳ ಮಂದಿ ನಂಬಿದ್ದಾರೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಉಪ್ಪಿಗೆ, ನೀರಿಗೆ, ಊಟಕ್ಕಲ್ಲ. ಹಾಗೆಂದು ಬರೀ ನೀರನ್ನು ಲೆಕ್ಕವಿಲ್ಲದೆ ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ಕುಸಿಯುತ್ತದೆ. ಹೊಟ್ಟೆಯನ್ನೂ ಕಾಲಿನಂತೆಯೇ ಪಳಗಿಸಬಹುದು, ಅದಕ್ಕೆ ಶನಿವಾರಗಳಿವೆ. ರೇಸಿನ ದಿನ ಹೊಸ ಆಹಾರ ಬೇಡವೇ ಬೇಡ.

ಬೆರಳುಗಳ ಜೋಮು ಅಂಗೈಯ ಬದಿಯಲ್ಲಿ ಹಾದುಹೋಗುವ ಅಲ್ನರ್ ನರ ಒತ್ತಿಹೋದದ್ದರಿಂದ ಬಂದಿರಬೇಕು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ದೇಹದ ಭಾರವೆಲ್ಲ ಕೈಗೆ ಬೀಳುತ್ತದೆ, ಮೊದಲು ಅದನ್ನು ನೋಡಿ. ಅನುಭವಿಯೊಬ್ಬರಿಂದ ಬೈಕ್ ಫಿಟ್ ಮಾಡಿಸಿ, ಅಂದರೆ ಸೈಕಲ್ಲನ್ನು ನಿಮ್ಮ ಮೈ ಅಳತೆಗೆ ಹೊಂದಿಸಿಕೊಳ್ಳಿ. ಹಿಡಿತ ಬದಲಿಸುತ್ತಿರಿ. ಬೀಗ ತಿರುಗಿಸಲು ಕಷ್ಟವಾಗುವಷ್ಟು ಬಲ ಕುಂದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನನಗೆ ಮಂಡಿ ನೋವು. ದೀರ್ಘ ಸವಾರಿಗೆ ಮುಂಚೆ ಒಂದು ಐಬುಪ್ರೊಫೆನ್ ನುಂಗಿದರೆ ತಪ್ಪೇ?

ಉತ್ತರ: ದಯವಿಟ್ಟು ಬೇಡ. ಬೆವರಿ ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಗಳಿಗೆ ರಕ್ತ ಆಗಲೇ ಕಡಿಮೆಯಾಗಿರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಅದನ್ನು ಇನ್ನಷ್ಟು ತಗ್ಗಿಸುತ್ತವೆ. ನೋವು ಮಂಡಿಯ ಮುಂಭಾಗದಲ್ಲಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗದಲ್ಲಿದ್ದರೆ ಎತ್ತರವಾಗಿರಬಹುದು. ಕೆಲವೇ ಮಿಲಿಮೀಟರ್ ಬದಲಿಸಿ ನೋಡಿ.

ಮೊದಲ ಸದಸ್ಯರು: ಧನ್ಯವಾದ ಮೇಡಂ. ಕೊನೆಯದೊಂದು: ರಾತ್ರಿ ನಿದ್ರೆ ಮಾಡದೆ ತುಳಿಯಬಹುದೇ?

ಉತ್ತರ: ಕೆಲವರು ತುಳಿಯುತ್ತಾರೆ. ನಿಮ್ಮ ಮೊದಲ ರೇಸಿನಲ್ಲಿ ಅದನ್ನು ಹಟಕ್ಕೆ ತೆಗೆದುಕೊಳ್ಳಬೇಡಿ. ಬೆಳಗಿನ ಜಾವ ಮೂರರಿಂದ ಐದರವರೆಗೆ ಮೈ ತಾಪ ಇಳಿದು ತೂಕಡಿಕೆ ತಡೆಯಲಾಗದಷ್ಟು ಬರುತ್ತದೆ. ಒಂದು ಲೋಟ ಕಾಫಿ ಕುಡಿದು, ನಿಮ್ಮ ಜೊತೆ ಬರುವ ಸಹಾಯಕ ವಾಹನದಲ್ಲಿ ಇಪ್ಪತ್ತು ನಿಮಿಷ ಮಲಗಿ. ನೀವು ಏಳುವ ಹೊತ್ತಿಗೆ ಕಾಫಿಯ ಪರಿಣಾಮ ಶುರುವಾಗಿರುತ್ತದೆ. ತೂಕಡಿಸುತ್ತ ಘಟ್ಟ ಇಳಿಯಲು ಮಾತ್ರ ಎಂದಿಗೂ ಹೋಗಬೇಡಿ. ಆ ಹೊತ್ತಿನಲ್ಲಿ ನಿಮ್ಮ ತೀರ್ಮಾನವನ್ನು ನೀವೇ ನಂಬುವಂತಿಲ್ಲ. ಹಾಗಾಗಿ ವಾಹನದಲ್ಲಿರುವ ಒಬ್ಬರಿಗೆ ನಿಮ್ಮನ್ನು ನಿಲ್ಲಿಸುವ ಅಧಿಕಾರವನ್ನು ಹೊರಡುವ ಮುನ್ನವೇ ಕೊಡಿ: ಸೈಕಲ್ ಓಲಾಡಿದರೆ, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬಂದರೆ, ಎರಡು ಗಂಟೆ ಏನೂ ತಿನ್ನದಿದ್ದರೆ ಇಳಿಸಬೇಕು. ಇಳಿಸಿದಾಗ ನೀವು ವಾದಿಸಬಾರದು. ವಾಹನದಲ್ಲಿರುವವರೂ ಸರದಿಯಲ್ಲಿ ಮಲಗಬೇಕು, ಆದ್ದರಿಂದ ಚಾಲಕರು ಕನಿಷ್ಠ ಇಬ್ಬರಿರಲಿ.