ಅಪ್‌ಡೇಟ್: ಕುರಿಗಳು ಕೊನೆಗೂ ಕದಲಿದವು

ಹದಿನೈದು ದಿನದ ಹಿಂದೆ ಕೇಳಿದ್ದೆನಲ್ಲ, ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ನನ್ನ ಬಾರ್ಡರ್ ಕೋಲಿ ನಾಯಿಗೆ ಮಂದೆ ತಿರುಗಿಸುವುದು ಕಲಿಸೋಣ ಅಂತ 3 ಕುರಿ ತಂದರೆ ಅವು ಜಾಗ ಬಿಟ್ಟು ಕದಲುವುದೇ ಇಲ್ಲ ಅಂತ? ಈಗ ಸರಿಹೋಯಿತು.

ತಪ್ಪು ನಾಯಿಯದಲ್ಲ. ಆ ಕುರಿಗಳು ಬಾಟಲಿ ಹಾಲು ಕುಡಿದು ಬೆಳೆದವು, ನಾಯಿ ಕಂಡರೆ ನನ್ನ ಕಾಲಿಗೇ ಅಂಟಿಕೊಳ್ಳುತ್ತಿದ್ದವು. ಮೇವು ತೋರಿಸಿ ನಡೆಸಿ ಎಂಬ ಸಲಹೆ ಇನ್ನೂ ಕೆಡಿಸಿತು! ಅವನ್ನು ವಾಪಸ್ ಕೊಟ್ಟು, ನಾಯಿಗೆ ಪಳಗಿದ 6 ಸ್ವೇಲ್‌ಡೇಲ್ ತಳಿಯ ಕುರಿ ತನ್ನಿ ಅಂದವರೇ ಗೆದ್ದರು. ಚುರುಕಾಗಿವೆ, ಗುಂಪು ಬಿಡುವುದಿಲ್ಲ. ಮೊದಲೆರಡು ದಿನ ಪಕ್ಕದ ರೈತರ ಅನುಭವಿ ನಾಯಿಯೂ ಜೊತೆಗಿತ್ತು. ಅಭ್ಯಾಸವನ್ನು ಹತ್ತು ನಿಮಿಷಕ್ಕೇ ನಿಲ್ಲಿಸುತ್ತೇನೆ. ಜಾಸ್ತಿ ಓಡಿಸಿದರೆ ಕುರಿಗಳು ಬೇಸತ್ತು ಮೊಂಡು ಬೀಳುತ್ತವೆ.

ನನಗೆ ಗೊತ್ತೇ ಇರದಿದ್ದದ್ದು: ಹಸುವಿನ ಮೇವಿನ ಮಿಶ್ರಣ ಕುರಿಗೆ ಹಾಕಬಾರದು, ಅದರಲ್ಲಿನ ತಾಮ್ರ ವಿಷವಾಗಬಹುದು. ನಾಯಿಗೆ ಲಾಡಿಹುಳದ ಮಾತ್ರೆಯನ್ನೂ ತಪ್ಪಿಸಬಾರದು, ನಾಯಿಯ ಮಲದಲ್ಲಿನ ಹುಳದ ಮೊಟ್ಟೆ ಹುಲ್ಲಿನಿಂದ ಕುರಿ ಹೊಟ್ಟೆ ಸೇರುತ್ತದೆ. ಇನ್ನೊಂದು, ಇಲ್ಲಿನ ನಿಯಮದಂತೆ ಹೊಸ ಕುರಿ ಬಂದಮೇಲೆ ಸಾಮಾನ್ಯವಾಗಿ 6 ದಿನ ಜಮೀನಿನಿಂದ ಕುರಿ ಹೊರಗೆ ಕಳಿಸುವಂತಿಲ್ಲ. ಹಳೆಯ ಮೂರನ್ನು ಮೊದಲೇ ಸಾಗಹಾಕಿದ್ದು ನನ್ನ ಪುಣ್ಯ.