ಚಿಕ್ಕಪ್ಪನ 450 ವ್ಯಾಟ್

‘ಅಜ್ಜಿ ಮನೆ’ ಗುಂಪು, ಭಾನುವಾರ ಬೆಳಿಗ್ಗೆ

ಚಿಕ್ಕಪ್ಪ: (ಫೋಟೋ) ಪವನ್, ಗೇಮ್ ಆಡುವ ಗ್ರಾಫಿಕ್ಸ್ ಕಾರ್ಡಿಗಾಗಿ ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಾ ಹೊಸದು ತರುತ್ತೇನೆ ಅಂದೆಯಲ್ಲ, ನನ್ನ ಹಳೇ ಎಸ್‌ಎಂಪಿಎಸ್ ಅಟ್ಟದಿಂದ ಇಳಿಸಿದ್ದೇನೆ. 450 ವ್ಯಾಟ್. ಧೂಳು ಒರೆಸಿದರೆ ಹೊಸದೇ. ಸುಮ್ನೆ ದುಡ್ಡು ಹಾಳು ಮಾಡಬೇಡ.

ಅತ್ತೆ: ಒಳ್ಳೇದಾಯ್ತು. ಸೆಕೆಂಡ್ ಹ್ಯಾಂಡ್ ಕಾರ್ಡಿಗೇ ನನ್ನ ಹತ್ತಿರ 18,000 ಕಿತ್ತುಕೊಂಡಿದ್ದಾನೆ.

ನಾನು: ಚಿಕ್ಕಪ್ಪ, ಪಕ್ಕದ ಸ್ಟಿಕರನ್ನು ಹತ್ತಿರದಿಂದ ಒಂದು ಫೋಟೋ ತೆಗೆದು ಹಾಕುತ್ತೀರಾ?

ಚಿಕ್ಕಪ್ಪ: ಇಷ್ಟು ದೊಡ್ಡದಾಗಿ 450 ಅಂತ ಬರೆದಿದೆ. ಕಾಣಿಸಲಿಲ್ವಾ?

ನಾನು: ಅದರ ಕೆಳಗಿನ ಸಣ್ಣ ಅಕ್ಷರ ಬೇಕು.

ಚಿಕ್ಕಪ್ಪ: (ಫೋಟೋ)

ನಾನು: ನೋಡಿ. 3.3 ವೋಲ್ಟಿಗೆ 20 ಆಂಪ್ಸ್, 5 ವೋಲ್ಟಿಗೆ 25, 12 ವೋಲ್ಟಿಗೆ 16. ವೋಲ್ಟನ್ನು ಆಂಪ್ಸಿನಿಂದ ಗುಣಿಸಿದರೆ ವ್ಯಾಟ್. ಹನ್ನೆರಡು ಹದಿನಾರಲೆ 192. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಊಟಕ್ಕೆ ಕೂರುವುದು ಈ 12 ವೋಲ್ಟಿನ ಪಂಕ್ತಿಯಲ್ಲೇ. ಮೂರೂ ಸಾಲು ಕೂಡಿಸಿದರೂ 383 ಆಗುತ್ತದೆ. 450 ಎಲ್ಲಿಂದ ಬಂತು ಅಂತ ಸ್ಟಿಕರ್ ಅಂಟಿಸಿದವನನ್ನೇ ಕೇಳಬೇಕು.

ಚಿಕ್ಕಪ್ಪ: ಹತ್ತು ವರ್ಷ ನನ್ನ ಕಂಪ್ಯೂಟರ್ ಓಡಿಸಿದೆ ಕಣಮ್ಮ. ಒಂದು ದಿನ ಕೈ ಕೊಟ್ಟಿಲ್ಲ.

ನಾನು: ನಿಮ್ಮದರಲ್ಲಿ ಕಾರ್ಡೇ ಇರಲಿಲ್ಲ. ಟ್ಯಾಲಿ, ಇಸ್ಪೀಟು ಬಿಟ್ಟರೆ ಬೇರೇನು ಓಡಿಸಿದಿರಿ? 100 ವ್ಯಾಟ್ ದಾಟಿರಲಿಕ್ಕಿಲ್ಲ. ಪವನ್ ತಂದಿರುವ ಆರ್‌ಟಿಎಕ್ಸ್ 3060 ಕಾರ್ಡ್ ಒಂದಕ್ಕೇ 170 ಬೇಕು. ಅವನ ಐ5 7400 ಪ್ರೊಸೆಸರಿಗೆ 65. ಅಲ್ಲಿಗೇ 235 ಆಯ್ತು. ಬೋರ್ಡು, ಡಿಸ್ಕು, ಫ್ಯಾನು ಸೇರಿ 280 ಅಂತ ಇಟ್ಟುಕೊಳ್ಳಿ. ಆ ಕಾರ್ಡು ಆಗಾಗ ಒಂದು ಕ್ಷಣ ಇನ್ನೂ ಮೇಲಕ್ಕೆ ಹಾರುತ್ತದೆ. ಅದಕ್ಕೇ ಆ ಕಾರ್ಡಿನ ಕಂಪನಿ ಎನ್ವಿಡಿಯಾದವರು 550 ವ್ಯಾಟಿನದು ಇರಲಿ ಅನ್ನುವುದು.

ಅಪ್ಪ: ಎಲ್ಲರಿಗೂ ಶುಭೋದಯ. (ಸೂರ್ಯೋದಯದ ಫೋಟೋ)

ಪವನ್: ಅಕ್ಕ, ಮಾವನ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಹಾಕುವ 8 ಪಿನ್ ವೈರೇ ಕಾಣುತ್ತಿಲ್ಲ.

ಚಿಕ್ಕಪ್ಪ: ಅದಕ್ಕೆ ಕನ್ವರ್ಟರ್ ಇದೆ ಮಾರಾಯ. ಎಸ್‌.ಪಿ. ರೋಡಿನಲ್ಲಿ ರಾಶಿ ಹಾಕಿಕೊಂಡು ಮಾರುತ್ತಾರೆ. ಹಳೇ ಹಾರ್ಡ್ ಡಿಸ್ಕಿನ ದಪ್ಪ ಪ್ಲಗ್ ಎರಡು ಸೇರಿಸಿದರೆ 8 ಪಿನ್ ರೆಡಿ.

ನಾನು: ಪ್ಲಗ್ ಬರುತ್ತದೆ, ಕರೆಂಟ್ ಬರಬೇಕಲ್ಲ? 8 ಪಿನ್‌ನಿಂದ 150, ಬೋರ್ಡಿನಲ್ಲಿ ತಾನು ಕೂರುವ ಸ್ಲಾಟಿನಿಂದ 75 ವ್ಯಾಟ್ ಸಿಗುತ್ತದೆ ಅಂತ ಕಾರ್ಡು ನಂಬಿಕೊಂಡಿರುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬಳು ಇದೇ ಕನ್ವರ್ಟರ್ ಹಾಕಿ ಪ್ಲಗ್ ಕರಗಿಸಿಕೊಂಡಿದ್ದಳು. ಹಳದಿ ವೈರ್ ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ದಿನ ರೂಮೆಲ್ಲ ಸುಟ್ಟ ಪ್ಲಾಸ್ಟಿಕ್ ವಾಸನೆ.

ಅತ್ತೆ: ಅಯ್ಯೋ, ಬೇಡಪ್ಪ ಆ ಸಹವಾಸ. ಆದರೆ 550 ಅಂದರೆ ಕರೆಂಟ್ ಬಿಲ್ ಏರಲ್ವಾ?

ನಾನು: ಅತ್ತೆ, ಮೇಲೆ 1000 ಲೀಟರ್ ಸಿಂಟೆಕ್ಸ್ ಇದೆ ಅಂತ ದಿನಾ 1000 ಲೀಟರ್ ಸ್ನಾನ ಮಾಡುತ್ತೀರಾ? ಒಳಗಿನವು ಎಷ್ಟು ಕೇಳುತ್ತವೋ ಅಷ್ಟೇ ಎಳೆಯುವುದು. ನಿಜಕ್ಕೂ ಜಾಸ್ತಿ ತಿನ್ನುವುದು ಹಳೇ ಡಬ್ಬಾ. ನೂರು ತಗೊಂಡು 85 ಕೊಡುವ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ಆದರೆ, ಆ 280ಕ್ಕೆ ಪ್ಲಗ್ ಪಾಯಿಂಟಿನಿಂದ ಸುಮಾರು 330 ಹೋಗುತ್ತದೆ. ನೂರಕ್ಕೆ 70 ಮಾತ್ರ ಕೊಡುವುದಾದರೆ 400. ಮಿಕ್ಕಿದ್ದೆಲ್ಲ ಬಿಸಿಗಾಳಿ.

ಚಿಕ್ಕಪ್ಪ: ಹಾಗಾದರೆ 1000 ವ್ಯಾಟಿನದೇ ತರಲಿ. ನಿನ್ನ ಲೆಕ್ಕದಲ್ಲಿ ಬಿಲ್ ಏರುವುದಿಲ್ಲವಲ್ಲ!

ನಾನು: ದುಡ್ಡು ನೀವು ಕೊಡುತ್ತೀರಾ?

ಚಿಕ್ಕಪ್ಪ: ಮಾತಿಗೆ ಹೇಳಿದೆ.

ಪವನ್: ಕ್ಯಾಬಿನೆಟ್‌ನಲ್ಲಿ ಕೂರುತ್ತಾ ಅಕ್ಕ?

ನಾನು: ನಿನ್ನದು ಅಸೆಂಬಲ್ ಮಾಡಿಸಿದ್ದು, ಕೂರುತ್ತದೆ. ಎಟಿಎಕ್ಸ್ ಅನ್ನುವ ಮಾಮೂಲಿ ಅಳತೆ ಅಂದರೆ ಅಗಲ 150 ಮಿ.ಮೀ., ಎತ್ತರ 86. ಆಫೀಸಿನ ತೆಳ್ಳನೆ ಬ್ರ್ಯಾಂಡೆಡ್ ಡಬ್ಬಿ ಆಗಿದ್ದರೆ ಕಷ್ಟವಿತ್ತು. ಅವುಗಳಲ್ಲಿ ಎಷ್ಟೋ ಸಲ ಆಕಾರವೂ ಬೇರೆ, ಬೋರ್ಡಿನ ಪ್ಲಗ್ಗೂ ಬೇರೆ.

ಅಪ್ಪ: ಯುಪಿಎಸ್ ತಡೆಯುತ್ತಾ? ಅಲ್ಲಿರುವುದು 600.

ನಾನು: ಅಪ್ಪ ಒಬ್ಬರೇ ಸರಿಯಾದ ಪ್ರಶ್ನೆ ಕೇಳಿದ್ದು! ಆ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. 330ಕ್ಕೆ ಮಾನಿಟರ್ ಸೇರಿಸಿದರೆ ಅಂಚಿಗೆ ಬರುತ್ತದೆ. ಗೇಮ್ ಆಡುವಾಗ ಕರೆಂಟ್ ಹೋದರೆ ಕೀಂಯ್ ಅಂತ ಕೂಗಿ ಬಂದ್ ಆಗಬಹುದು. ಓದುವಾಗ ಏನೂ ಆಗಲ್ಲ.

ಅತ್ತೆ: ಹಾಗಾದರೆ ಇದೇ ಯುಪಿಎಸ್ ಇರಲಿ. ಬದಲಾಯಿಸಬೇಡಿ.

ಸಂಜೆ

ಪವನ್: 550 ತಂದೆ. 4,000 ಆಯ್ತು. ಸ್ಟಿಕರಿನಲ್ಲಿ 12 ವೋಲ್ಟಿಗೆ 45 ಆಂಪ್ಸ್ ಇದೆ.

ಚಿಕ್ಕಪ್ಪ: 540.

ಪವನ್: ಅಕ್ಕ, 8 ಪಿನ್ ಕಾರ್ಡಿಗೆ ಕೂರುತ್ತಿಲ್ಲ. ಸ್ವಲ್ಪ ಜೋರಾಗಿ ಒತ್ತಲಾ?

ನಾನು: ಕೈ ತೆಗಿ!! ಅದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತಾ ನೋಡು. ಬಿಡಿಸಿಕೊಂಡರೆ ಪ್ರೊಸೆಸರಿನದು. ಕಾರ್ಡಿನದು 6 ಮತ್ತು 2 ಆಗಿ ಬಿಡಿಸಿಕೊಳ್ಳುತ್ತದೆ. ಎರಡೂ 8 ಪಿನ್ನೇ, ಆದರೆ 12 ವೋಲ್ಟ್, ಗ್ರೌಂಡ್ ಅದಲುಬದಲು.

ಪವನ್: ಹೌದು, ಇನ್ನೊಂದಿದೆ. ಟಕ್ ಅಂತ ಕೂತಿತು.

ಪವನ್: ಆನ್ ಮಾಡಿದೆ. ಫ್ಯಾನ್ ತಿರುಗುತ್ತಿದೆ. ಮಾನಿಟರ್ ಮಾತ್ರ ಕಪ್ಪು.

ಚಿಕ್ಕಪ್ಪ: ಬೆಳಿಗ್ಗೆಯಿಂದ ಬಡಿದುಕೊಂಡೆ. 4,000 ನೀರಿಗೆ ಹೋಯ್ತು. ಬಿಚ್ಚು, ನನ್ನದನ್ನೇ ಹಾಕು.

ನಾನು: ಮಾನಿಟರ್ ವೈರ್ ಎಲ್ಲಿ ಚುಚ್ಚಿದ್ದೀಯಾ?

ಪವನ್: ಮೊದಲು ಎಲ್ಲಿತ್ತೋ ಅಲ್ಲೇ.

ನಾನು: ಅದು ಬೋರ್ಡಿನದು ಕಣೋ. ತೆಗೆದು ಕೆಳಗೆ ಕಾರ್ಡಿಗೆ ಹಾಕು.

ಪವನ್: ಬಂತು ಬಂತು!

ಚಿಕ್ಕಪ್ಪ: ನನ್ನದನ್ನು ಗುಜರಿಗೆ ಹಾಕಬೇಡಿ. ವಾಪಸ್ ಕಳಿಸಿ.